ಏರು ಹತ್ತಿದರೆ ಜಾಸ್ತಿ

ಹೋದ ತಿಂಗಳು ಆಲೂರಿನಲ್ಲಿ ತಮ್ಮನ ಹೊಸ ಮನೆ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಎಲೆಗೆ ಕೋಸಂಬರಿ, ಪಲ್ಯ ಬಂದಿತ್ತು, ಹೋಳಿಗೆ ಇನ್ನೂ ಬಂದಿರಲಿಲ್ಲ. ಎದುರು ಸಾಲಿನಿಂದ ತಮ್ಮನ ಮಗ, ಇಂಜಿನಿಯರಿಂಗ್ ಮೂರನೇ ವರ್ಷದವನು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಕೇಳಿದ. "ಅತ್ತೆ, ನಿಮ್ಮ ಹೋಮಿಯೋಪತಿ ಗುಳಿಗೆಲಿ ಏನೂ ಇರಲ್ವಂತೆ, ಹೌದಾ?"

"ಸಕ್ಕರೆ ಇರುತ್ತಪ್ಪ" ಅಂದೆ.

ಪಾಪ, ಜಗಳಕ್ಕೆ ತಯಾರಾಗಿ ಬಂದಿದ್ದ. ಅವನಮ್ಮ ಅವನ ಕಡೆ ಕಣ್ಣು ಬಿಟ್ಟಳು. ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ ಇಪ್ಪತ್ತು ವರ್ಷದಿಂದ ನನ್ನ ಗುಳಿಗೆ ತಿಂದವರು, ಕಿವಿ ಸ್ವಲ್ಪ ಮಂದ, "ಏನಂತೆ, ಸಕ್ಕರೆ ಕಾಯಿಲೆನಾ ಅವನಿಗೆ?" ಅಂತ ಗಾಬರಿಯಾದರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ತುಪ್ಪದ ಕಡೆ ತಿರುಗಿತು. ನಾನು ಮಾತ್ರ ವಾಪಸ್ ಬರುವಾಗ ಬೇಲೂರು ದಾಟುವವರೆಗೂ ಅದನ್ನೇ ಯೋಚನೆ ಮಾಡುತ್ತಾ ಬಂದೆ. ಚಿಕ್ಕಮಗಳೂರಿನಲ್ಲಿ ಕ್ಲಿನಿಕ್ ಹಾಕಿ 25 ವರ್ಷ ಆಗುತ್ತಾ ಬಂತು. ಊಟದ ಎಲೆ ಮುಂದೆ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಓದುತ್ತಾನೋ ಇಲ್ಲವೋ ಅವನಿಷ್ಟ.

ನನ್ನ ಹೋಮಿಯೋಪತಿ ಶುರುವಾಗಿದ್ದು ತಾತನ ಪೆಟ್ಟಿಗೆಯಿಂದ. ತಾತ ಪ್ರೈಮರಿ ಸ್ಕೂಲ್ ಹೆಡ್ ಮೇಷ್ಟ್ರು. ಆಗೆಲ್ಲ ನಮ್ಮ ಕಡೆ ನಾಲ್ಕಾರು ಹಳ್ಳಿಗೊಬ್ಬರು ಇಂಥವರು ಇರುತ್ತಿದ್ದರು, ಮೇಷ್ಟ್ರೋ ಪೋಸ್ಟ್ ಮಾಸ್ಟರೋ, ಪುಸ್ತಕ ಓದಿಕೊಂಡು ಗುಳಿಗೆ ಕೊಡುವವರು, ದುಡ್ಡು ಮುಟ್ಟದವರು. ಪೆಟ್ಟಿಗೆ ಮರದ್ದು. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಮನೆ, ಒಂದೊಂದರಲ್ಲೂ ಬೆರಳುದ್ದದ ಗಾಜಿನ ಬಾಟ್ಲಿ, ಬಿರಡೆ ಮೇಲೆ ಮಸಿಯಲ್ಲಿ ಬರೆದ ನಂಬರು. ಔಷಧಿ ಮಂಗಳೂರಿನ ಕಂಕನಾಡಿಯಿಂದ ಬರುತ್ತಿತ್ತು. ಅಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅನ್ನೋ ಜರ್ಮನ್ ಪಾದ್ರಿ ಆಲದ ಮರದ ಕೆಳಗೆ ಕೂತು ಬಡವರಿಗೆ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ್ದರು. ಇವತ್ತು ಅಲ್ಲಿರುವ ಅಷ್ಟು ದೊಡ್ಡ ಆಸ್ಪತ್ರೆಯ ಬೇರು ಅದೇ ಗುಳಿಗೆ. ತಾತನಿಗೆ ಕಂಕನಾಡಿ ಅಂದರೆ ಹೆಚ್ಚು ಕಡಿಮೆ ಧರ್ಮಸ್ಥಳ ಇದ್ದ ಹಾಗೆ.

ಪೆಟ್ಟಿಗೆ ತೆಗೆದ ಕೂಡಲೇ ಬರುವ ಸ್ಪಿರಿಟ್ ವಾಸನೆಗೇ ನಮಗೆ ಅರ್ಧ ಹೊಟ್ಟೆನೋವು ಹೋಗುತ್ತಿತ್ತು. ಉಳಿದರ್ಧ ಸುಳ್ಳು ಹೊಟ್ಟೆನೋವು ಬಿಡಿ, ಗುಳಿಗೆ ಸಿಹಿ ಇರುತ್ತಲ್ಲ, ಅದಕ್ಕೆ. ತಾತನಿಗೂ ಗೊತ್ತಿತ್ತು. "ನಾಲಿಗೆ ಚಾಚು" ಅಂತ ನಾಲ್ಕು ಗುಳಿಗೆ ಉದುರಿಸಿ, ಕೈಯಲ್ಲಿ ಮುಟ್ಟಬಾರದು ಅಂತ ಪ್ರತಿ ಸಲವೂ ಗದರುತ್ತಿದ್ದರು.

1994ರಲ್ಲಿ ಹಾಸನದಲ್ಲಿ ಪಿಯುಸಿ ಮುಗಿಯಿತು. ಎಂಬಿಬಿಎಸ್ ಸೀಟು ಸಿಗಲಿಲ್ಲ. ಇದನ್ನು ನಮ್ಮ ಕಡೆಯ ಹೋಮಿಯೋಪತಿ ಡಾಕ್ಟರುಗಳಲ್ಲಿ ನೂರಕ್ಕೆ ಎಷ್ಟು ಜನ ಬಾಯಿ ಬಿಟ್ಟು ಹೇಳುತ್ತಾರೋ, ನಾನಂತೂ ಹೇಳುತ್ತೇನೆ. "ಡಾಕ್ಟ್ರು ಅಂತೂ ಆಗಬಹುದಲ್ಲಮ್ಮ" ಅಂದರು ಅಪ್ಪ. ತಾತ ಮಾತ್ರ ನಿಜವಾಗಿ ಖುಷಿಪಟ್ಟರು, ಪೆಟ್ಟಿಗೆಯನ್ನು ಒರೆಸಿ ಕೊಟ್ಟರು. ಬೆಂಗಳೂರಿನ ಒಂದು ಕಾಲೇಜು, ಹೌಸ್ ಸರ್ಜನ್ ಕೆಲಸವೂ ಸೇರಿ ಐದೂವರೆ ವರ್ಷ. ಜನ ತಿಳಿದುಕೊಂಡಿರುವ ಹಾಗೆ ಬರೀ ಗುಳಿಗೆ ಓದೋದಲ್ಲ ಅದು. ಹೆಣ ಕೊಯ್ದಿದ್ದೇವೆ, ಪೆಥಾಲಜಿ ಓದಿದ್ದೇವೆ, ಹೆರಿಗೆ ವಾರ್ಡಿನಲ್ಲಿ ನಿಂತಿದ್ದೇವೆ. ಅದರ ಜೊತೆಗೆ ನಮ್ಮದೇ ಆದ ಪಾಠ.

ಆ ಪಾಠದ ಶುರುವಿನಲ್ಲೇ ಹ್ಯಾನಿಮನ್ ಬರುತ್ತಾನೆ. 1755ರಲ್ಲಿ ಜರ್ಮನಿಯ ಮೈಸೆನ್ ಊರಿನಲ್ಲಿ ಹುಟ್ಟಿದ ಡಾಕ್ಟರು, ಹೊಟ್ಟೆಪಾಡಿಗೆ ವೈದ್ಯ ಪುಸ್ತಕಗಳ ಅನುವಾದ ಮಾಡುತ್ತಿದ್ದವನು. 1790ರಲ್ಲಿ ಅನುವಾದ ಮಾಡುತ್ತಿದ್ದ ಒಂದು ಪುಸ್ತಕದಲ್ಲಿ ಸಿಂಕೋನಾ ತೊಗಟೆಯಿಂದ ಚಳಿಜ್ವರ ಯಾಕೆ ವಾಸಿಯಾಗುತ್ತೆ ಅನ್ನೋದಕ್ಕೆ ಕೊಟ್ಟ ಕಾರಣ ಅವನಿಗೆ ಒಪ್ಪಿಗೆಯಾಗಲಿಲ್ಲ. ತಾನೇ ತಿಂದು ನೋಡಿದ, ಚಳಿಜ್ವರದ ಹಾಗೇ ಆಯಿತು ಅಂತ ಬರೆದುಕೊಂಡ. ಅಲ್ಲಿಂದ ಹುಟ್ಟಿದ್ದು ಸಮಕ್ಕೆ ಸಮವೇ ಮದ್ದು ಅನ್ನೋ ತತ್ವ. ನಮ್ಮ ಮೇಷ್ಟ್ರು ಇದನ್ನು ಈರುಳ್ಳಿಯಲ್ಲಿ ವಿವರಿಸುತ್ತಿದ್ದರು. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯುತ್ತೆ, ಅದಕ್ಕೇ ಕಣ್ಣು ಮೂಗು ಸುರಿಯುವ ನೆಗಡಿಗೆ ಈರುಳ್ಳಿಯಿಂದ ಮಾಡಿದ ಅಲಿಯಂ ಸೀಪ. ಹದಿನೆಂಟು ವರ್ಷದ ಹುಡುಗಿಗೆ ಇದು ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ? ಒಗಟು ಬಿಡಿಸಿದ ಹಾಗೆ.

ಇನ್ನೊಂದು ಮಾತು ಹ್ಯಾನಿಮನ್ ಪರವಾಗಿ ಹೇಳಲೇಬೇಕು. ಅವನ ಕಾಲದ ದೊಡ್ಡ ಡಾಕ್ಟರುಗಳು ರಕ್ತ ಹರಿಸುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು, ಪಾದರಸ ತಿನ್ನಿಸುತ್ತಿದ್ದರು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಅಲ್ಲಿಯ ಹೋಮಿಯೋಪತಿ ಆಸ್ಪತ್ರೆಯಲ್ಲಿ ಸತ್ತವರು ಬೇರೆ ಆಸ್ಪತ್ರೆಗಳಿಗಿಂತ ಕಡಿಮೆ. ಕಾಲೇಜಿನಲ್ಲಿ ಇದನ್ನು ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದೆವು. ಆ ಕಾಲದಲ್ಲಿ ಏನೂ ಮಾಡದೆ ಬಿಡುವುದೇ ಒಳ್ಳೆ ಚಿಕಿತ್ಸೆ ಆಗಿತ್ತು ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ.

ಡಿಗ್ರಿ ಕೈಗೆ ಬಂದ ಮೇಲೆ ಒಂದು ವರ್ಷ ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಮಾಡಿದೆ. ತಿಂಗಳಿಗೆ 2500 ರೂಪಾಯಿ. ಎಂಬಿಬಿಎಸ್ ಮಾಡಿದವರು ಆ ಸಂಬಳಕ್ಕೆ ಬರೋದಿಲ್ಲ, ಅದಕ್ಕೆ ನಾವು. ಡ್ರಿಪ್ ಹಾಕು, ಬಿಪಿ ನೋಡು, ಪೇಷೆಂಟ್ ಕೆಟ್ಟರೆ ದೊಡ್ಡ ಡಾಕ್ಟರಿಗೆ ಫೋನ್ ಮಾಡು. ಬೆಳಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ನನ್ನನ್ನು ತೋರಿಸಿ ಪೇಷೆಂಟಿನ ಕಡೆಯವರಿಗೆ "ನಮ್ಮ ಡ್ಯೂಟಿ ಡಾಕ್ಟ್ರು" ಅನ್ನೋರು, ಬಾಗಿಲ ಹೊರಗೆ ಬಂದ ಮೇಲೆ "ನಿನಗೇನು ಗೊತ್ತು, ಸಕ್ಕರೆ ಡಾಕ್ಟ್ರು" ಅನ್ನೋರು. ಬೇಜಾರಾಗುತ್ತಿತ್ತು. ಆದರೆ ಆ ಒಂದು ವರ್ಷದಲ್ಲಿ ಎದೆನೋವಿನವರು ಹೇಗೆ ಬೆವರುತ್ತಾರೆ, ಸಕ್ಕರೆ ಕಡಿಮೆಯಾದವರು ಹೇಗೆ ತೊದಲುತ್ತಾರೆ ಅನ್ನೋದನ್ನು ಕಣ್ಣಾರೆ ನೋಡಿದೆ. ನೋಡಿಯೂ ಮುಂದೆ ಒಂದು ಸಲ ಎಡವಿದೆ. ಅದನ್ನು ಆಮೇಲೆ ಹೇಳುತ್ತೇನೆ.

2001ರಲ್ಲಿ ಮದುವೆಯಾಗಿ ಚಿಕ್ಕಮಗಳೂರಿಗೆ ಬಂದೆ. ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯಲ್ಲಿ ಒಂದು ಮಳಿಗೆ. ಬಾಡಿಗೆಗೆ ಕೊಟ್ಟವರು ಮೊದಲು ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು, ಮೊದಲ ಆರು ತಿಂಗಳು ಬಂದವರಲ್ಲಿ ಅರ್ಧ ಜನ ಬ್ಲೌಸ್ ಪೀಸ್ ಹಿಡಿದುಕೊಂಡೇ ಬಂದವರು. ಫೀಸು ಔಷಧಿಯೂ ಸೇರಿ 30 ರೂಪಾಯಿ. ಕೊಡೋಕಾಗದವರು ಬಾಳೆಗೊನೆ, ಕಾಳುಮೆಣಸು ತಂದರು. ಹಲಸಿನ ಕಾಲದಲ್ಲಿ ಇಡೀ ಮಳಿಗೆಯೇ ಹಲಸಿನ ವಾಸನೆ.

ಮೊದಲ ತೊಂದರೆ ಕಾಫಿ. ಹೋಮಿಯೋಪತಿ ಔಷಧಿ ತಗೊಳ್ಳುವಾಗ ಕಾಫಿ ಕುಡಿಯಬಾರದು, ಔಷಧಿ ಕೆಲಸ ಮಾಡೋದಿಲ್ಲ ಅಂತ ನಮಗೆ ಕಲಿಸಿದ್ದರು. ಹ್ಯಾನಿಮನ್ 1803ರಲ್ಲೇ ಕಾಫಿ ಮೇಲೆ ಒಂದು ಲೇಖನ ಬರೆದು ಅರ್ಧ ಲೋಕದ ಕಾಯಿಲೆಗೆ ಕಾಫಿಯೇ ಕಾರಣ ಅಂದಿದ್ದ. ಸರಿ, ಆದರೆ ಅವನು ಚಿಕ್ಕಮಗಳೂರಿನಲ್ಲಿ ಕ್ಲಿನಿಕ್ ಹಾಕಿರಲಿಲ್ಲವಲ್ಲ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಬೆಟ್ಟದಲ್ಲಿ ನೆಟ್ಟರು ಅಂತ ಮಕ್ಕಳಿಗೆ ಕಥೆ ಹೇಳುವ ಊರು ಇದು. ಇಲ್ಲಿ ಕೂತು ನಾನು "ಕಾಫಿ ಬಿಡಿ" ಅಂದರೆ ಆಲ್ದೂರು ಕಡೆಯ ಒಬ್ಬ ಗೌಡ್ರು ನನ್ನನ್ನು ಒಂದು ನಿಮಿಷ ನೋಡಿ, "ಡಾಕ್ಟ್ರಮ್ಮ, ಉಸಿರು ಬೇಕಾದ್ರೆ ಬಿಡ್ತೀನಿ" ಅಂತ ಎದ್ದು ಹೋದರು. ಆಮೇಲೆ ನಾನು ಗುಳಿಗೆಗೂ ಕಾಫಿಗೂ ಮಧ್ಯ ಅರ್ಧ ಗಂಟೆ ಬಿಡಿ ಅನ್ನೋದಕ್ಕೆ ಇಳಿದೆ. ಅರ್ಧ ಗಂಟೆ ಕಾಲು ಗಂಟೆ ಆಯಿತು. ಈಗ ಕೇಳೋದೇ ಇಲ್ಲ.

ಆದರೆ ಆ ಗೌಡ್ರು ಬಂದಿದ್ದು ನಿದ್ದೆ ಇಲ್ಲ ಅಂತ. ಅವರೊಬ್ಬರೇ ಅಲ್ಲ. ನಾನು ಬಾಗಿಲು ತೆಗೆದ ಹೊತ್ತಿಗೆ ಸರಿಯಾಗಿ ಕಾಫಿ ರೇಟು ನೆಲ ಕಚ್ಚಿತ್ತು. ಕುಯ್ಲಿನ ಕೂಲಿಯೂ ಹುಟ್ಟದ ರೇಟು. ಬೆಳೆಗಾರರು, ಸಣ್ಣ ಹಿಡುವಳಿದಾರರು ಜಾಸ್ತಿ, ಒಬ್ಬೊಬ್ಬರೇ ಬಂದು ಕೂತು ಹೊಟ್ಟೆ ಸರಿಯಿಲ್ಲ, ತಲೆ ಸುತ್ತುತ್ತೆ ಅಂತ ಶುರು ಮಾಡಿ ಕೊನೆಗೆ ನಿದ್ದೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಕಣದಲ್ಲಿ ಓಡಾಡುತ್ತಾರಂತೆ. ಬ್ಯಾಂಕಿನಿಂದ ಕಾಗದ ಬಂದಿದೆ, ಹೆಂಡತಿಗೆ ಹೇಳಿಲ್ಲ.

ನಮ್ಮಲ್ಲಿ ತಲೆಯೊಳಗೆ ಯೋಚನೆ ಓಡಿ ನಿದ್ದೆ ಬಾರದವರಿಗೆ ಕೊಡುವ ಔಷಧಿ ಯಾವುದು ಹೇಳಿ? ಕಾಫಿಯಾ ಕ್ರೂಡ. ಹುರಿಯದ ಕಾಫಿ ಬೀಜದಿಂದ ಮಾಡಿದ್ದು. ಕಾಫಿಯಿಂದ ನಿದ್ದೆಗೆಟ್ಟವರಿಗೆ ನಾನು ಕಾಫಿಯದೇ ಗುಳಿಗೆ ಕೊಟ್ಟು ಕಳಿಸುತ್ತಿದ್ದೆ. ಕೆಲವರು ಮುಂದಿನ ವಾರ ಬಂದು ಪರವಾಗಿಲ್ಲ ಅಂದರು. ಗುಳಿಗೆಯಿಂದಲೋ, ಒಂದು ಗಂಟೆ ಯಾರ ಎದುರಿಗಾದರೂ ಕೂತು ಸಾಲದ ಲೆಕ್ಕ ಹೇಳಿಕೊಂಡಿದ್ದರಿಂದಲೋ? ಆಗ ನನಗೆ ಅನುಮಾನವೇ ಇರಲಿಲ್ಲ, ಗುಳಿಗೆಯಿಂದ.

ಒಂದು ಗಂಟೆ ಅಂದೆನಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ಹೊಸ ಪೇಷೆಂಟ್ ಅಂದರೆ ನಾವು ಕಾಯಿಲೆ ಬಿಟ್ಟು ಬೇರೆಲ್ಲ ಕೇಳುತ್ತೇವೆ. ಬಾಯಾರಿಕೆ ಹೇಗೆ, ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಬೆವರು ಎಲ್ಲಿ ಬರುತ್ತೆ, ಉಪ್ಪು ಇಷ್ಟವೋ ಸಿಹಿಯೋ, ಗುಡುಗಿಗೆ ಭಯವೋ, ಕನಸು ಏನು ಬೀಳುತ್ತೆ. ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಅಜ್ಜಿಯೊಬ್ಬರು ಕನಸಿನ ಪ್ರಶ್ನೆಗೆ "ಮಲಗಿದ್ರಲ್ವಾ ತಾಯಿ ಕನಸು ಬೀಳೋದು" ಅಂದುಬಿಟ್ಟರು. ಇನ್ನೂ ಮುಖ್ಯವಾದದ್ದು, ಏನು ಮಾಡಿದರೆ ನೋವು ಜಾಸ್ತಿ, ಏನು ಮಾಡಿದರೆ ಕಡಿಮೆ ಅನ್ನೋದು. ನಮ್ಮ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಪ್ರಶ್ನೆ. ಥಂಡಿಗೆ ಮಂಡಿ ಹಿಡಿದುಕೊಂಡು, ಎದ್ದ ಕೂಡಲೇ ಜಾಸ್ತಿ ನೋವಾಗಿ, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲ ಆದರೆ ರಸ್ ಟಾಕ್ಸ್. ಅಲ್ಲಾಡಿದರೇ ನೋವು ಅಂದರೆ ಬ್ರಯೋನಿಯ. ಜೂನ್ ಬಂತು ಅಂದರೆ ನನ್ನ ರಸ್ ಟಾಕ್ಸ್ ಬಾಟ್ಲಿ ಮೊದಲು ಖಾಲಿ.

ಮಳೆಗಾಲದಲ್ಲಿ ಇನ್ನೊಂದು ಗೋಳು. ಗುಳಿಗೆ ಸಕ್ಕರೆಯದ್ದು, ಥಂಡಿಗೆ ಬೆವರಿ ಒಂದಕ್ಕೊಂದು ಅಂಟಿ ಕಲ್ಲುಸಕ್ಕರೆ ಆಗಿಬಿಡುತ್ತೆ. ಗುಳಿಗೆ ಡಬ್ಬ ಇಟ್ಟ ಬೀರುವಿನೊಳಗೆ 40 ವಾಟಿನ ಬಲ್ಬು ಹಾಕಿ ಜೂನಿನಿಂದ ಸೆಪ್ಟೆಂಬರ್ ತನಕ ಹಗಲು ರಾತ್ರಿ ಉರಿಸುತ್ತೇನೆ. ಕರೆಂಟ್ ಹೋದರೆ ಗೋವಿಂದ. ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದೇನೆ, ಇರುವೆಗೆ. ಹೋಮಿಯೋಪತಿ ಬಗ್ಗೆ ಜಗತ್ತಿನಲ್ಲಿ ಏನೇ ವಾದ ಇರಲಿ, ಇರುವೆಗಳಿಗೆ ಯಾವ ಗೊಂದಲವೂ ಇಲ್ಲ.

ಈಗ ತಮ್ಮನ ಮಗನ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಮೂಲ ಔಷಧಿಯ ಒಂದು ಹನಿಗೆ 99 ಹನಿ ಸ್ಪಿರಿಟ್ ಹಾಕಿ ಕುಲುಕಿದರೆ ಒಂದನೇ ಮೆಟ್ಟಿಲು. ಅದರಲ್ಲಿ ಒಂದು ಹನಿ ತೆಗೆದು ಮತ್ತೆ 99ಕ್ಕೆ ಹಾಕಿದರೆ ಎರಡನೆಯದು. ಹೀಗೆ 30 ಸಲ ಮಾಡಿದ್ದೇ ಬಾಟ್ಲಿ ಮೇಲೆ ಬರೆದಿರುವ 30. ಗೊರೂರು ಡ್ಯಾಂ ನೋಡಿದ್ದೀಯಲ್ಲಪ್ಪ, ನಿಮ್ಮೂರ ಪಕ್ಕದ್ದೇ. ಅದು ತುಂಬಿದರೆ ಸುಮಾರು 37 ಟಿಎಂಸಿ. ಅಷ್ಟು ನೀರಿಗೆ ಒಂದೇ ಒಂದು ಹನಿ ಔಷಧಿ ಹಾಕಿದರೆ ಅದು ಹೆಚ್ಚು ಕಡಿಮೆ 8ನೇ ಮೆಟ್ಟಿಲು. ಇನ್ನೂ 22 ಬಾಕಿ. 12ನೇ ಮೆಟ್ಟಿಲ ಆಚೆಗೆ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅವೊಗಾಡ್ರೊ ಸಂಖ್ಯೆ ನೀನೇ ಓದಿರುತ್ತೀಯ. ನಾವು 200 ಕೊಡುತ್ತೇವೆ, 1000 ಕೊಡುತ್ತೇವೆ. ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೋಮಿಯೋಪತಿಯಿಂದ ವಾಸಿಯಾಗುತ್ತೆ ಅಂತ ನಂಬುವಂಥ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಅಂದಿತು. ಅದನ್ನೂ ಓದಿದ್ದೇನೆ.

ಆದರೆ ನನ್ನ ನಂಬಿಕೆ ಅಲ್ಲಾಡಿದ್ದು ಆಸ್ಟ್ರೇಲಿಯಾದಿಂದ ಅಲ್ಲ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಮನೆಯವರಿಗೂ.

2006ರಲ್ಲಿ ಚಿಕೂನ್‌ಗುನ್ಯ ಬಂತಲ್ಲ. ಜ್ವರ ಮೂರು ದಿನಕ್ಕೆ ಹೋಗುತ್ತಿತ್ತು, ಗಂಟು ನೋವು ಹೋಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಗಂಡಸರು ಕತ್ತಿ ಹಿಡಿಯೋಕಾಗದೆ ಮನೆಯಲ್ಲಿ ಕೂತರು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿಸಿಕೊಂಡವರೆಲ್ಲ ಹೋಮಿಯೋಪತಿಗೆ ಬಂದರು. ನನ್ನ ಮಳಿಗೆ ಮುಂದೆ ಕ್ಯೂ ರಸ್ತೆ ತನಕ ಹೋಗಿತ್ತು, ಜೀವಮಾನದಲ್ಲಿ ಮತ್ತೆ ಅಂಥ ಕ್ಯೂ ನೋಡಲಿಲ್ಲ. ಕೆಲಸಕ್ಕಿದ್ದ ಹುಡುಗಿ ಎರಡು ಡ್ರಾಮ್ ಅಳತೆಯ ಸಣ್ಣ ಬಾಟ್ಲಿಗಳಿಗೆ ಬರೀ ಗುಳಿಗೆ ತುಂಬಿ ಎಡಗಡೆ ಟ್ರೇನಲ್ಲಿ ಇಡೋಳು. ನಾನು ಅದಕ್ಕೆ ಔಷಧಿಯ ಮೂರು ಹನಿ ಬಿಟ್ಟು ಕುಲುಕಿ ಬಲಗಡೆ ಟ್ರೇಗೆ ಹಾಕೋದು. ಬಲಗಡೆಯದ್ದು ಪೇಷೆಂಟಿಗೆ. ಒಂದು ದಿನ ಮಧ್ಯಾಹ್ನ ಊಟವೂ ಇಲ್ಲ, ಹುಡುಗಿ ಟ್ರೇ ಅದಲು ಬದಲು ಇಟ್ಟಳೋ, ನಾನೇ ಕೈ ತಪ್ಪಿದೆನೋ, ರಾತ್ರಿ ಬಾಗಿಲು ಹಾಕುವಾಗ ನೋಡಿದರೆ ಔಷಧಿ ಹಾಕಿದ ಬಾಟ್ಲಿಗಳು ಹಾಗೇ ಇವೆ. ವಾಸನೆ ನೋಡಿದೆ. ಸ್ಪಿರಿಟ್ ವಾಸನೆ ಇತ್ತು. ಅಂದರೆ ಮಧ್ಯಾಹ್ನದಿಂದ ನಲವತ್ತು ಜನಕ್ಕೆ ನಾನು ಬರೀ ಸಕ್ಕರೆ ಕೊಟ್ಟಿದ್ದೆ.

ಬೇಕೆಂದೇ ಬರೀ ಗುಳಿಗೆ ಕೊಡೋದು ನಮ್ಮಲ್ಲಿ ಇದ್ದೇ ಇದೆ, ಒಂದು ಡೋಸು ಕೊಟ್ಟು ಕಾಯುವಾಗ ಪೇಷೆಂಟಿನ ಸಮಾಧಾನಕ್ಕೆ. ಎಸ್‌ಎಲ್ ಅಂತ ಬರೆದುಕೊಳ್ಳುತ್ತೇವೆ, ಸ್ಯಾಕ್ ಲ್ಯಾಕ್, ಅಂದರೆ ಹಾಲಿನ ಸಕ್ಕರೆ. ಇದು ಹಾಗಲ್ಲ, ತಪ್ಪಿ ಆಗಿದ್ದು. ಆ ವಾರ ಪೂರ್ತಿ ನನಗೆ ನಿದ್ದೆ ಇಲ್ಲ. ಯಾರಾದರೂ ಬಂದು ಜಗಳ ಮಾಡುತ್ತಾರೆ ಅಂತ ಕಾದೆ. ಬಂದರು. ಅರ್ಧಕ್ಕಿಂತ ಜಾಸ್ತಿ ಜನ ಪರವಾಗಿಲ್ಲ ಅಂದರು, ಹಿಂದಿನ ವಾರ ಔಷಧಿ ಹಾಕಿದ ಗುಳಿಗೆ ತಗೊಂಡವರು ಹೇಳಿದ ಹಾಗೇ. ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸು, "ಈ ಸಲದ್ದು ಚೆನ್ನಾಗಿ ನಾಟ್ತು ಡಾಕ್ಟ್ರಮ್ಮ, ಅದನ್ನೇ ಕೊಡಿ" ಅಂದಳು. ನಾನು ಬರೀ ಗುಳಿಗೆ ಬಾಟ್ಲಿ ಕೈಯಲ್ಲಿ ಹಿಡಿದುಕೊಂಡು ಮೂರು ಹನಿ ಹಾಕಲೋ ಬೇಡವೋ ಅಂತ ನಿಂತುಬಿಟ್ಟೆ. ಹಾಕಿದೆ. ಯಾಕೆ ಹಾಕಿದೆ ಅಂತ ಕೇಳಬೇಡಿ.

ಆ ನೋವು ವಾರ ತಿಂಗಳು ಕಳೆದ ಹಾಗೆ ತುಂಬಾ ಜನಕ್ಕೆ ತಾನಾಗಿಯೇ ಇಳಿಯುತ್ತೆ. ನರಹುಲಿಯೂ ಹಾಗೇ, ಥೂಜಾ ಕೊಟ್ಟರೂ ಉದುರುತ್ತೆ, ಕೊಡದಿದ್ದರೂ ಬಹಳ ಸಲ ಉದುರುತ್ತೆ. ನನ್ನ ಹೆಸರು ಊರಲ್ಲಿ ಎದ್ದಿದ್ದರಲ್ಲಿ ಇಂಥ ಕಾಯಿಲೆಗಳ ಪಾಲು ದೊಡ್ಡದು.

ಇದಾದರೂ ಯಾರಿಗೂ ನಷ್ಟ ಮಾಡದ ತಪ್ಪು. ಮುಂದಿನದು ಹಾಗಲ್ಲ.

2009ರ ಮಾರ್ಚ್. ಆಗಷ್ಟೇ ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನಿಂದ ಬಿಳಿ. ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ಬಂದರು, 52 ವರ್ಷ. ಎದೆಯ ಮಧ್ಯ ಉರಿ, ಹದಿನೈದು ದಿನದಿಂದ. ಗ್ಯಾಸು ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ನಾನು ಪದ್ಧತಿ ಪ್ರಕಾರ ಕೂರಿಸಿ ಕೇಳಿದೆ. ಸಿಟ್ಟು ಮೂಗಿನ ತುದಿಯಲ್ಲಿ, ದಿನಕ್ಕೆ ಎಂಟು ಕಾಫಿ, ಎಲೆಅಡಿಕೆ ಹೊಗೆಸೊಪ್ಪು, ರಾತ್ರಿ ಹನ್ನೊಂದರ ತನಕ ಮಸ್ಟರ್ ರೋಲ್ ಲೆಕ್ಕ. ನಾಲ್ಕು ಪುಟ ಬರೆದೆ. ನಕ್ಸ್ ವೊಮಿಕ ಅಂತ ಎರಡನೇ ಪುಟಕ್ಕೇ ಗೊತ್ತಾಗಿಹೋಗಿತ್ತು, ಕಾಸರಕದ ಬೀಜದಿಂದ ಮಾಡೋದು, ಇಂಥ ಸ್ವಭಾವದವರಿಗೇ ಹೇಳಿದ್ದು. ಆದರೂ ಬಿಡದೆ ಕೇಳಿದೆ. ಏನು ಮಾಡಿದರೆ ಉರಿ ಜಾಸ್ತಿ? "ಕಣದಿಂದ ಬಂಗ್ಲೆಗೆ ಏರು ಹತ್ತಿದ್ರೆ ಜಾಸ್ತಿ ಡಾಕ್ಟ್ರಮ್ಮ, ನಿಂತ್ರೆ ಹೋಗುತ್ತೆ."

ಬರೆದುಕೊಂಡೆ. ಏರು ಹತ್ತಿದರೆ ಜಾಸ್ತಿ, ನಿಂತರೆ ಕಡಿಮೆ.

ಲಕ್ಷಣ ನೋಡಿ ಔಷಧಿ ಹುಡುಕುವ ನಮ್ಮ ಪುಸ್ತಕ ರೆಪರ್ಟರಿಯಲ್ಲಿ ಏರು ಹತ್ತಿದರೆ ಜಾಸ್ತಿ ಅನ್ನೋದೇ ಒಂದು ಲಕ್ಷಣ, ಅದರ ಮುಂದೆ ಔಷಧಿಗಳ ಸಾಲು, ಕ್ಯಾಲ್ಕೇರಿಯ, ಆರ್ಸೆನಿಕಮ್ ಅಂತ ಎಲ್ಲ. ಪುಟ ತಿರುಗಿಸಿ ನೋಡಿದೆ. ಹೊಂದಿಸಿದೆ. ನಕ್ಸ್ ವೊಮಿಕ 200 ಅಂತಲೇ ಗಟ್ಟಿ ಮಾಡಿಕೊಂಡು ಮೂರು ಪೊಟ್ಟಣ ಕೊಟ್ಟೆ, ಒಂದು ವಾರ ಬಿಟ್ಟು ಬನ್ನಿ ಅಂದೆ. ಏರು ಹತ್ತಿದರೆ ಬರುವ, ನಿಂತರೆ ಹೋಗುವ ಎದೆಯುರಿ ಯಾವುದು ಅಂತ ಪೆಥಾಲಜಿ ಓದಿದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನನ್ನನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ನಾನೂ ಹೇಳುತ್ತಿದ್ದೆ. ಅವತ್ತು ನನ್ನ ತಲೆಯಲ್ಲಿ ಇದ್ದಿದ್ದು ಬರೀ ಗುಳಿಗೆ ಹುಡುಕೋದು.

ಐದನೇ ದಿನ ರಾತ್ರಿ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಎಸ್ಟೇಟ್ ಜೀಪಿನಲ್ಲಿ ಚಿಕ್ಕಮಗಳೂರಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ. ಆ ತಿರುವುಗಳಲ್ಲಿ ಒಬ್ಬ ಮನುಷ್ಯ ಆ ಸ್ಥಿತಿಯಲ್ಲಿ ಹೇಗೆ ಬದುಕಿಕೊಂಡ ಅಂತ ನನಗೆ ಈಗಲೂ ಆಶ್ಚರ್ಯ. ಸ್ಟೆಂಟ್ ಹಾಕಿದರು, ಉಳಿದರು.

ನನಗೆ ಗೊತ್ತಾಗಿದ್ದು ಇಪ್ಪತ್ತು ದಿನದ ಮೇಲೆ, ಅವರ ಹೆಂಡತಿ ಬಂದಾಗ. ಬೈಯೋಕೆ ಬಂದಿರಲಿಲ್ಲ. "ಉಳಿದ ಗುಳಿಗೆ ಈಗ ಕೊಡಬಹುದಾ ಅಂತ ಕೇಳೋಕೆ ಹೇಳಿದ್ರು" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ಹೋದ ಮೇಲೆ ಅವರ ಫೈಲು ತೆಗೆದೆ. ನನ್ನದೇ ಅಕ್ಷರ, ದುಂಡಗೆ, ಅಡಿಗೆರೆ ಬೇರೆ ಎಳೆದಿದ್ದೆ. ನಾವು ಹೋಮಿಯೋಪತಿಯವರು ಒಂದು ಮಾತನ್ನು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತೇವೆ, ಬೇರೆ ಡಾಕ್ಟರು ಪೇಷೆಂಟಿನ ಮುಖವನ್ನೂ ನೋಡೋದಿಲ್ಲ, ನಾವು ಒಂದು ಗಂಟೆ ಕೂತು ಕೇಳುತ್ತೇವೆ ಅಂತ. ನಾನೂ ಹೇಳುತ್ತಿದ್ದೆ. ಆ ನಾಲ್ಕು ಪುಟ ನೋಡಿದ ಮೇಲೆ ಹೇಳೋದು ಬಿಟ್ಟೆ. ಐದು ನಿಮಿಷ ನೋಡುವ ಡ್ಯೂಟಿ ಡಾಕ್ಟರೂ ಒಂದು ಇಸಿಜಿ ಬರೆದು ಕಳಿಸುತ್ತಿದ್ದ.

ಅಲ್ಲಿಂದ ನನ್ನ ಕೆಲಸ ತಿರುಗಿತು. ಮೇಜಿನ ಗಾಜಿನ ಕೆಳಗೆ ಒಂದು ಕಾಗದ ಇಟ್ಟಿದ್ದೇನೆ, ಪೇಷೆಂಟಿಗೆ ಕಾಣದ ಹಾಗೆ ನನ್ನ ಕಡೆ ಮುಖ ಮಾಡಿ. ಮೊದಲು ಅದರಲ್ಲಿರೋದನ್ನು ಕೇಳಿ ಮುಗಿಸಿದ ಮೇಲೆಯೇ ಕನಸು, ಬಾಯಾರಿಕೆ ಎಲ್ಲ. ಎದೆ, ಉಸಿರು, ತೂಕ ಇಳಿಯೋದು, ರಕ್ತ, ಗಂಟು, ಮಕ್ಕಳಾದರೆ ಉಚ್ಚೆ ಹೋಯಿತಾ. ಬೇಸಿಗೆಯಲ್ಲಿ ಕೊಪ್ಪ, ಎನ್.ಆರ್. ಪುರ ಕಡೆಯಿಂದ ಜ್ವರ ಅಂತ ಬಂದರೆ ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಮಂಗ ಸತ್ತಿತ್ತಾ ಅಂತ ಕೇಳಿ, ಹೌದು ಅಂದರೆ ಗುಳಿಗೆ ಇಲ್ಲ ಏನಿಲ್ಲ, ಸೀದಾ ಸರ್ಕಾರಿ ಆಸ್ಪತ್ರೆಗೆ, ಮಂಗನ ಕಾಯಿಲೆ ರಕ್ತಪರೀಕ್ಷೆಗೆ. ಕೆಲವರು ಸಿಟ್ಟಾಗುತ್ತಾರೆ. "ಆಸ್ಪತ್ರೆಗೆ ಹೋಗೋದಾಗಿದ್ರೆ ನಿಮ್ಮತ್ರ ಯಾಕೆ ಬರ್ತಿದ್ವಿ ಮಾರಾಯ್ತಿ" ಅಂತ ಒಬ್ಬರು ಮುಖಕ್ಕೇ ಅಂದರು. ಇನ್ಸುಲಿನ್ ಬಿಟ್ಟು ಹೋಮಿಯೋಪತಿ ಮಾಡುತ್ತೇನೆ ಅಂತ ಬಂದವರನ್ನು ಬಾಗಿಲಲ್ಲೇ ಬೈದು ಕಳಿಸಿದ್ದೇನೆ, ಅವರು ಹೋಗಿ ಬೇರೆ ಕಡೆ ಬಿಟ್ಟರು ಅನ್ನೋದೂ ಗೊತ್ತು. ನನ್ನ ಜೊತೆ ಓದಿದ ಕೆಲವರಿಗೆ ನಾನು ನಮ್ಮವರ ಮರ್ಯಾದೆ ತೆಗೆಯುವವಳು. ಗುಳಿಗೆಯಲ್ಲೇ ಪ್ರಾಣ ಇಟ್ಟುಕೊಂಡು, ನಿಜವಾಗಿ ನಂಬಿ, ಬಡವರಿಗೆ ಬಿಟ್ಟಿ ಕೊಡುವ ಒಳ್ಳೆಯವರು ಅವರು. ಅವರ ಜೊತೆ ವಾದ ಮಾಡೋಕೆ ನನಗೆ ಆಗೋದಿಲ್ಲ, ತಾತ ನೆನಪಾಗುತ್ತಾರೆ.

ಕೊರೊನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2020ರ ಜನವರಿ ಕೊನೆಯಲ್ಲಿ ಆಯುಷ್ ಸಚಿವಾಲಯ ಆರ್ಸೆನಿಕಮ್ ಆಲ್ಬಮ್ 30 ತಗೊಳ್ಳಬಹುದು ಅಂತ ಸಲಹೆ ಹೊರಡಿಸಿದ ಮೇಲೆ ಊರಿಗೆ ಊರೇ ಬಂತು. ಸಂಘದವರು ಸಾವಿರಗಟ್ಟಲೆ ಬಾಟ್ಲಿ ಹಂಚೋಕೆ ಕೇಳಿದರು. ನಾನು ಕೊಟ್ಟೆ. ಪ್ರತಿ ಬಾಟ್ಲಿ ಜೊತೆ ಮಾಸ್ಕಿನ ಭಾಷಣವನ್ನೂ ಕೊಟ್ಟೆ, ಆದರೆ ಗುಳಿಗೆ ತಿಂದಿದ್ದೇನಲ್ಲ ಅಂತ ಮಾಸ್ಕ್ ಇಳಿಸಿ ನಕ್ಕವರನ್ನು ನಮ್ಮ ಬೀದಿಯಲ್ಲೇ ನೋಡಿದೆ. ಕೊಡಬಾರದಿತ್ತು.

ಹಾಗಾದರೆ ಅಂಗಡಿ ಯಾಕೆ ಮುಚ್ಚಿಲ್ಲ ಅಂತ ತಮ್ಮನ ಮಗ ಕೇಳೇ ಕೇಳುತ್ತಾನೆ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ ಕಣೋ. ಹೊಟ್ಟೆಪಾಡು ಒಂದು, ಸುಳ್ಳು ಯಾಕೆ ಹೇಳಲಿ. ಇನ್ನೊಂದು, ಬರುವವರಲ್ಲಿ ಬಹಳ ಜನ ನಾನು ಕಳಿಸದಿದ್ದರೆ ಯಾವ ಆಸ್ಪತ್ರೆಗೂ ಹೋಗದವರು. ಎದೆಯಲ್ಲಿ ಗಂಟಾಗಿದ್ದನ್ನು ಎಂಟು ತಿಂಗಳು ಗಂಡನಿಗೂ ಹೇಳದೆ, ಮಂಡಿನೋವಿನ ಗುಳಿಗೆ ಅಂತ ಬಂದು, ಎದ್ದು ಹೋಗುವಾಗ ಬಾಗಿಲ ಹತ್ತಿರ ತಿರುಗಿ ಹೇಳಿದ ಹೆಂಗಸನ್ನು ಆ ಮಧ್ಯಾಹ್ನವೇ ಬಾಗಿಲು ಹಾಕಿ ನಾನೇ ಕರೆದುಕೊಂಡು ಹೋಗಿದ್ದೇನೆ. ಸಕ್ಕರೆ ಗುಳಿಗೆ ಇಲ್ಲದಿದ್ದರೆ ಅವಳು ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಇದು ಸಮರ್ಥನೆಯೋ ಸಬೂಬೋ, ದಿನಕ್ಕೊಂದು ಥರ ಕಾಣುತ್ತೆ.

ರೈಟ್ರು ಈಗ ರಿಟೈರ್ ಆಗಿದ್ದಾರೆ. ತಿಂಗಳಿಗೊಂದು ಸಲ ಬಸ್ಸಿಗೆ ಬರುತ್ತಾರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು. 2009ರ ವಿಷಯ ನಾನೇ ಒಂದು ದಿನ ಬಾಯಿಬಿಟ್ಟು ಹೇಳಿದ್ದೆ, ತಪ್ಪು ನನ್ನದು ರೈಟ್ರೇ ಅಂತ. "ಬಿಡಿ, ನಾನು ಎಸ್ಟೇಟ್ ಲೆಕ್ಕದಲ್ಲಿ ಮಾಡಿದ ತಪ್ಪು ಹೇಳ್ತಾ ಕೂತ್ರೆ ಇವತ್ತು ಬಸ್ಸು ಸಿಗಲ್ಲ" ಅಂದಿದ್ದರು. ಮೇಜಿನ ಮೇಲೆ ಕವರು ಸುರಿಯುತ್ತಾರೆ. ಹಾರ್ಟ್ ಡಾಕ್ಟರು ಬರೆದ ಮಾತ್ರೆಗಳ ಪಟ್ಟಿ, ಖಾಲಿಯಾದದ್ದು, ಅರ್ಧ ಆದದ್ದು. ನಾನು ಬಿಪಿ ನೋಡಿ ಒಂದೊಂದೇ ಸ್ಟ್ರಿಪ್ ಎಣಿಸುತ್ತೇನೆ, ತಾರೀಕಿಗೆ ತಾಳೆ ನೋಡುತ್ತೇನೆ. ಹೋದ ವಾರ ರಕ್ತ ತೆಳು ಮಾಡುವ ಮಾತ್ರೆಯಲ್ಲಿ ಎರಡು ಉಳಿದಿದ್ದವು.

"ಇದೇನು ರೈಟ್ರೇ, ಎರಡು ಜಾಸ್ತಿ ಇದೆ?"

"ಮಗಳ ಮನೆಗೆ ಹೋಗಿದ್ದೆ ಡಾಕ್ಟ್ರಮ್ಮ. ಕವರು ಇಲ್ಲೇ ಮರೆತೋಯ್ತು."

"ಲೆಕ್ಕ ಬರೆದವರು ನೀವು. ಹೀಗೆ ಮಾಡಿದ್ರೆ ಹೇಗೆ?"

ತಲೆ ಕೆರೆದುಕೊಂಡರು. ಆಮೇಲೆ ನಾಲಿಗೆ ಚಾಚಿದರು, ನಾಲ್ಕು ಗುಳಿಗೆ ಉದುರಿಸಿದೆ. ಚಪ್ಪರಿಸುತ್ತಾ, ಫ್ಲಾಸ್ಕಿನ ಕಡೆ ನೋಡಿ, ಕಾಫಿ ಇದೆಯಾ ಅಂತ ಕೇಳಿದರು.